ವಸ್ತಾದರ ಕೈ, ಡಾಕ್ಟರ ಗುಳಿಗೆ

ಡಾಕ್ಟರ ಫೀ, ತಿಂಗಳ ಗುಳಿಗೆ, ಖಾನಾಪುರದಿಂದ ಬೆಳಗಾವಿಗೆ ಇಬ್ಬರ ಬಸ್ ಚಾರ್ಜು, ಆಗಾಗ ಒಂದು ಡಬ್ಬಿ ಎಳ್ಳೆಣ್ಣೆ, ಮತ್ತು ಶಹಾಪುರದ ಮಗ್ಗದಿಂದ ಇಳಿದ ಒಂದು ಒಳ್ಳೆಯ ಸೀರೆ. ನಮ್ಮ ಮನೆಯವರ ಫಿಟ್ಸ್ ಹತೋಟಿಗೆ ಬರಲು ನನಗೆ ತಗುಲಿದ ಖರ್ಚು ಇಷ್ಟು. ಡಾಕ್ಟರಿಗೆ ಯಾಕೆ ಕೊಟ್ಟೆ ಎಂದು ಹೇಳಬೇಕಾಗಿಲ್ಲ. ಎಣ್ಣೆ ಮತ್ತು ಸೀರೆ ಹೋದದ್ದು ಬೆಳಗಾವಿಯ ಅನಗೋಳದ ಒಬ್ಬ ವಸ್ತಾದರ ಮನೆಗೆ, ಅಂದರೆ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವವರ ಮನೆಗೆ. ಫಿಟ್ಸಿಗೂ ಕುಸ್ತಿಗೂ ಏನು ಸಂಬಂಧ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಕೇಳಿದವರಲ್ಲಿ ಕೆಲವರಿಗೆ ವಸ್ತಾದರೇ ವಾಸಿ ಮಾಡಿದರು ಎಂಬ ಉತ್ತರ ಬೇಕಿತ್ತು, ಕೆಲವರಿಗೆ ಅದೆಲ್ಲ ಬರೀ ಸುಳ್ಳು ಎಂಬ ಉತ್ತರ. ನಾನು ಸೀರೆ ಮಾರುವವಳು. ಇಬ್ಬರಿಗೂ ಅವರು ಕೇಳಿದ ಬಣ್ಣದ ಸೀರೆ ನನ್ನ ಗಂಟಿನಲ್ಲಿರಲಿಲ್ಲ. ಇದ್ದದ್ದನ್ನು ಬಿಚ್ಚಿ ತೋರಿಸುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವರು ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಉರಿ ಹಾಕುವ ಕೆಲಸದಲ್ಲಿದ್ದರು. ಒಂದು ದಿನ ಬೆಳಿಗ್ಗೆ ಕಟ್ಟಿಗೆ ಎತ್ತಿಕೊಂಡವರು ನಿಂತಲ್ಲೇ ಬಿಗಿದು ಬಿದ್ದರು. ಕೈಕಾಲು ಬಡಿದುಕೊಂಡವು, ಬಾಯಲ್ಲಿ ನೊರೆ ಬಂತು. ಜೊತೆಗಿದ್ದವರು ಕಾಲು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಯಾರೋ ಚಪ್ಪಲಿ ಮೂಸಿಸಿದರಂತೆ, ಯಾರೋ ಮುಷ್ಟಿಯಲ್ಲಿ ಬೀಗದ ಕೈ ತುರುಕಿದರಂತೆ. ಎಚ್ಚರವಾದ ಮೇಲೆ ಅವರಿಗೆ ನೆನಪಿದ್ದದ್ದು ಚಪ್ಪಲಿಯ ವಾಸನೆ ಒಂದೇ. ಎರಡನೇ ಸಲವೂ ಹಾಗೇ ಆದಾಗ ಕಾರ್ಖಾನೆಯ ಮಾಲೀಕರು ನನ್ನನ್ನು ಕರೆಸಿದರು.

"ತಪ್ಪ ತಿಳಕೋಬ್ಯಾಡವಾ. ಇವರನ್ನ ಬೆಂಕಿ ಮುಂದ ನಿಂದರಸಾಕ ನನಗ ಧೈರ್ಯ ಇಲ್ಲ. ಆರಾಮಾದ ಮ್ಯಾಲೆ ಕರ್ಕೊಂಬಾ, ನೋಡೂಣು."

ಆರಾಮಾಗುವ ತನಕ ಒಲೆ ಉರಿಯಬೇಕಲ್ಲ. ಬೆಳಗಾವಿಯ ಶಹಾಪುರದ ನೇಕಾರರ ಮನೆಯೊಂದು ನನ್ನ ತವರಿಗೆ ಪರಿಚಯವಿತ್ತು. ಅವರಿಂದ ನಂಬಿಕೆಯ ಮೇಲೆ ಸೀರೆ ತಂದು ಖಾನಾಪುರದಲ್ಲಿ ಮನೆ ಮನೆಗೆ ತಿರುಗಿ ಮಾರಲು ಶುರು ಮಾಡಿದೆ. ನಮ್ಮ ಊರಲ್ಲಿ ಒಂದು ಓಣಿ ಮರಾಠಿ, ಇನ್ನೊಂದು ಓಣಿ ಕನ್ನಡ, ಮೂರನೆಯ ಓಣಿಯಲ್ಲಿ ಎರಡೂ. ಸೀರೆಯನ್ನು ಮರಾಠಿಯಲ್ಲಿ ಹೊಗಳಿ ದರವನ್ನು ಕನ್ನಡದಲ್ಲಿ ಹೇಳುವುದನ್ನು ಬೇಗ ಕಲಿತೆ. ಹೊಗಳುವಾಗ ಮೆತ್ತಗಿನ ಮಾತು ಬೇಕು, ದರ ಹೇಳುವಾಗ ಗಟ್ಟಿ ಮಾತು. ವ್ಯಾಪಾರ ಕುದುರಿತು. ಆದರೆ ಜೀವಕ್ಕೆ ಸಮಾಧಾನವಿರಲಿಲ್ಲ. ಮಲಪ್ರಭೆಗೆ ಸ್ನಾನಕ್ಕೆ ಹೋದರೆ ನೀರು, ಮನೆಯಲ್ಲಿದ್ದರೆ ಒಲೆ, ಹಿತ್ತಲಿಗೆ ಹೋದರೆ ಬಾವಿ. ಯಾವ ಹೊತ್ತಿಗೆ ಎಲ್ಲಿ ಬೀಳುತ್ತಾರೋ. ಗಿರಾಕಿಯ ಮುಂದೆ ಮಾರುವ ಸೀರೆಯ ಸೆರಗು ಹರವಿ ತೋರಿಸುವಾಗಲೂ ನನ್ನ ಕಿವಿ ನಮ್ಮ ಓಣಿಯ ಕಡೆಗೇ ಇರುತ್ತಿತ್ತು.

ಬೆಳಗಾವಿಯ ಡಾಕ್ಟರಿಗೆ ತೋರಿಸಿದೆವು. ವಯಸ್ಸಾದವರು, ಸಾವಕಾಶ ಮಾತಾಡುವವರು. ನಮ್ಮವರನ್ನು ಕೂರಿಸಿಕೊಂಡು ಎಲ್ಲ ಕೇಳಿ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಮೂರು ಎಂದರು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಮೂರು ಬಾಳ ಆದೂವಲ್ರಿ ಸಾಹೇಬ್ರ. ಎರಡಕ್ಕ ಮಾಡ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಏನ್ ಮಾರ್ತೀರಿ ನೀವು?"

"ಸೀರಿ ಮಾರ್ತೇನ್ರಿ."

"ನಿಮ್ಮ ಸೀರಿ ಕೊಳ್ಳಾಕ ಬಂದಾಗ ನಾನೂ ಚೌಕಾಶಿ ಮಾಡ್ತೇನಿ. ಇಲ್ಲಿ ಬ್ಯಾಡ. ಇದು ಬರದಕೊಟ್ಟಷ್ಟೂ ಹೊಟ್ಟಿಗೆ ಹೋಗಬೇಕು. ಊಟಾದ ಮ್ಯಾಲೆ ತಗೊಳ್ಳೋದು. ದಿನಾ ತಗೊಳ್ಳೋದು."

ಊಟವಾದ ಮೇಲೆ, ದಿನವೂ. ಈ ಎರಡು ಮಾತನ್ನು ನಮ್ಮವರು ಮಂತ್ರದ ಹಾಗೆ ಹಿಡಿದುಕೊಂಡರು. ಗುಳಿಗೆಯ ಪೊಟ್ಟಣವನ್ನು ತಾವೇ ಇಟ್ಟುಕೊಂಡರು, ನನ್ನ ಕೈಗೆ ಕೊಡಲಿಲ್ಲ. ಅವರು ಮೊದಲಿನಿಂದಲೂ ಅಚ್ಚುಕಟ್ಟು ಮನುಷ್ಯ.

ಗುಳಿಗೆ ಕೆಲಸ ಮಾಡಿತು. ಯಾವಾಗೆಂದರೆ ಆವಾಗ ಬರುತ್ತಿದ್ದ ಫಿಟ್ಸ್ ಅಪರೂಪವಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಬಂದಾಗಲೆಲ್ಲ ಹೋಗುವಾಗ ಒಂದು ಕಾಟ ಬಿಟ್ಟುಹೋಗುತ್ತಿತ್ತು. ಕುತ್ತಿಗೆಯಿಂದ ಬಲಭುಜದವರೆಗೆ ಹಗ್ಗ ಬಿಗಿದಂತೆ ಹಿಡಿದುಕೊಂಡು ಕೈ ಮೇಲೆ ಏಳುತ್ತಿರಲಿಲ್ಲ. ಡಾಕ್ಟರು ಒತ್ತಿ ನೋಡಿ, ಎಲುಬು ಸರಿ ಇದೆ, ಬಿಸಿನೀರಿನ ಶಾಖ ಕೊಡಿ, ಬಿಡುತ್ತದೆ ಎಂದರು. ಬಿಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನಮ್ಮವರು ವಿಠ್ಠಲನ ಭಕ್ತರು. ಕೊರಳಲ್ಲಿ ತುಳಸಿಮಾಲೆ, ಭಜನೆಯಲ್ಲಿ ಪಖವಾಜ ಬಾರಿಸುವವರು. ಭುಜ ಹಿಡಿದ ಮೇಲೆ ಪಖವಾಜ ಬಟ್ಟೆ ಸುತ್ತಿಕೊಂಡು ಮೂಲೆ ಸೇರಿತು. ಕೆಲಸ ಹೋದಾಗ ಆಡದ ಮಾತನ್ನು ಅವರು ಆಗ ಆಡಿದರು: "ನಾ ಇನ್ನ ಎದಕ್ಕ ಉಪಯೋಗ?"

ಆ ಮಾತು ನನ್ನನ್ನು ಚುಚ್ಚಿತು. ಶಹಾಪುರಕ್ಕೆ ಸೀರೆ ತರಲು ಹೋದಾಗ ನೇಕಾರರ ಹೆಂಡತಿಯ ಮುಂದೆ ಅತ್ತುಬಿಟ್ಟೆ. ಆಕೆ ನೂಲು ಸುತ್ತುವುದನ್ನು ನಿಲ್ಲಿಸದೆ ಹೇಳಿದಳು:

"ಅನಗೋಳಕ್ಕ ಹೋಗ್ರಿ ವೈನಿ. ಅಲ್ಲೊಬ್ಬ ವಸ್ತಾದರ ಅದಾರ. ಮಗ್ಗದ ಕುಣಿಯಾಗ ಕುಂತು ಕುಂತು ನಮ್ಮವರ ಸೊಂಟ ಹಿಡದಿತ್ತ, ತೀಡಿ ತೀಡಿ ಬಿಡಿಸ್ಯಾರ. ಕೈಗುಣ ಐತಿ. ಬಾಯಿ ಮಾತ್ರ ಜೋರು, ಮನಸಿಗೆ ಹಚ್ಚಿಕೋಬ್ಯಾಡ್ರಿ."

ಗರಡಿಯೊಳಗೆ ಹೆಂಗಸರು ಹೋಗುವಂತಿಲ್ಲ. ಅಲ್ಲಿಯ ಕೆಂಪು ಮಣ್ಣು, ಗೋಡೆಯ ಹನುಮಪ್ಪ, ಎಲ್ಲ ಬಾಗಿಲಿನಿಂದ ಕಂಡಷ್ಟೇ. ವಸ್ತಾದರು ಮುಸಲ್ಮಾನರು, ಆದರೂ ಗರಡಿಗೆ ಕಾಲಿಡುವಾಗ ಹೊಸ್ತಿಲ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಮಾಲೀಶು ಮಾಡುತ್ತಿದ್ದದ್ದು ಗರಡಿಯ ಪಕ್ಕದಲ್ಲೇ ಇದ್ದ ಅವರ ಮನೆಯ ಪಡಸಾಲೆಯಲ್ಲಿ. ಹಾಗಾಗಿ ನಾನೂ ಒಂದು ಮೂಲೆಯಲ್ಲಿ ಕೂರಬಹುದಿತ್ತು. ಆನೆಯಂಥ ಆಳು, ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಕಿವಿ. ಕಡ್ಡಿಯಂತಿದ್ದ ನಮ್ಮವರನ್ನು ಕಂಡು, "ಬರ್ರಿ ಪೈಲ್ವಾನ್ರ, ಕುಂದರ್ರಿ" ಎಂದರು. ನಮ್ಮವರು ಎಷ್ಟೋ ದಿನದ ಮೇಲೆ ನಕ್ಕರು. ಆ ನಗುವಿಗೇ ನಾನು ಅರ್ಧ ದರ ಕೊಡಲು ತಯಾರಾದೆ.

"ಎಷ್ಟ ತಗೋತೀರಿ ಕಾಕಾ?" ಕೆಲಸ ಶುರುವಾಗುವ ಮೊದಲೇ ದರ ಕೇಳುವುದು ನನ್ನ ಪದ್ಧತಿ.

"ತೀಡಿದ್ದಕ್ಕ ದುಡ್ಡ ಮುಟ್ಟಿದ್ರ ಕೈಗುಣ ಹೋಗತೈತಿ ತಂಗಿ. ನನ್ನ ಉಸ್ತಾದ್ರು ಹೇಳಿಬಿಟ್ಟಾರ."

"ಬಿಟ್ಟಿ ಮಾಡಿಸಿಕೊಂಡ್ರ ನನ್ನ ಕೈಗುಣ ಹೋಗತೈತ್ರಿ. ನಾನೂ ವ್ಯಾಪಾರದಾಕಿ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಎಣ್ಣಿ ತರಾಕ ಹೇಳ್ರಿ! ಮನ್ಯಾಗ ಒಗ್ಗರಣಿಗೆ ಎಣ್ಣಿ ಉಳಿವಲ್ದು. ಎಲ್ಲಾ ಊರ ಮಂದಿ ಬೆನ್ನಿಗೆ ಹೊಂಟೈತಿ."

ಎಳ್ಳೆಣ್ಣೆಗೆ ಒಪ್ಪಂದವಾಯಿತು. ವಸ್ತಾದರು ಎಣ್ಣೆ ಬೆಚ್ಚಗೆ ಮಾಡಿಸಿ, ನಮ್ಮವರನ್ನು ಬೋರಲು ಮಲಗಿಸಿ, ಬೆನ್ನುಹುರಿಯ ಎರಡೂ ಬದಿಗೆ ಹೆಬ್ಬೆರಳು ಊರಿ ಮೇಲಿನಿಂದ ಕೆಳಗೆ ತೀಡುತ್ತ ಬಂದರು. ಗಂಟು ಸಿಕ್ಕಲ್ಲಿ ನಿಲ್ಲುತ್ತಿದ್ದರು, ಒತ್ತುತ್ತಿದ್ದರು, ಅದು ಕರಗಿದ ಮೇಲೆ ಮುಂದೆ ಹೋಗುತ್ತಿದ್ದರು. ಭುಜಕ್ಕೆ ಬಂದಾಗ ನಮ್ಮವರು ಹಲ್ಲು ಕಚ್ಚಿದರು. ಆಮೇಲೆ ಎಬ್ಬಿಸಿ ಕೂರಿಸಿ, ಒಂದು ಕೈ ಗದ್ದಕ್ಕೆ, ಒಂದು ಕೈ ನೆತ್ತಿಯ ಹಿಂದೆ ಇಟ್ಟರು. ಕುತ್ತಿಗೆಯನ್ನು ಲಟಕ್ಕನೆ ತಿರುವುವ ಅಂದಾಜು ಎಂದು ನನಗೆ ಹೊಳೆಯಿತು.

"ತಡೀರಿ ಕಾಕಾ! ಕುತ್ತಿಗಿ ಬ್ಯಾಡ್ರಿ. ಡಾಕ್ಟರನ್ನ ಕೇಳಿ ಬರ್ತೇನಿ."

ವಸ್ತಾದರ ಮುಖ ಕೆಂಪಾಯಿತು. "ಡಾಕ್ಟರ? ಈ ಬೆಳಗಾಂವ್ಯಾಗ ಎಷ್ಟ ಪೈಲ್ವಾನರ ಕುತ್ತಿಗಿ ತಿರುವೀನಿ, ಗೊತ್ತೈತೇನು?"

"ಕೋಳಿ ಕುತ್ತಿಗಿ ತಿರುವಿದಂಗ ಹೇಳಬ್ಯಾಡ್ರಿ, ಅಂಜತಾರ ಪಾಪ" ಎಂದರು ಹೆಂಡತಿ ಚಹಾ ತಂದಿಡುತ್ತ. ಆಕೆ ನನಗೆ ಆ ದಿನವೇ ಹಿಡಿಸಿದರು.

ಡಾಕ್ಟರಿಗೆ ಹೇಳಲು ನನಗೆ ಅಳುಕಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಎಲ್ಲೆಲ್ಲಿ ತೀಡಿದರು, ಹೇಗೆ ತೀಡಿದರು ಎಂದು ಕೇಳಿದರು.

"ಬೆನ್ನು, ಭುಜ ತೀಡಿಸ್ರಿ. ಅಡ್ಡಿಯಿಲ್ಲ. ಮೈ ಹಗುರಾಗಿ ನಿದ್ದಿ ಹತ್ತಿದ್ರ ನನಗೂ ಸಂತೋಷ, ನಿದ್ದಿಗೆಟ್ರ ಫಿಟ್ಸ ಬರೂದು ಹೆಚ್ಚು. ಆದ್ರ ಕುತ್ತಿಗಿ ಝಟಕಾ ಕೊಟ್ಟು ತಿರುವೋದು ಬಿಲ್ಕುಲ್ ಬ್ಯಾಡ. ಮಿದುಳಿಗೆ ರಕ್ತ ಒಯ್ಯೋ ನಾಳ ಅಲ್ಲೇ ಹಾದು ಹೋಗ್ಯಾವ. ಇನ್ನೊಂದ ಮಾತು. ಮಾಲೀಶು ಮೈನೋವಿಗೆ. ಫಿಟ್ಸಿಗೆ ಅಲ್ಲ. ಫಿಟ್ಸಿಗೆ ಗುಳಿಗಿನ."

ಈ ಮಾತನ್ನು ಅನಗೋಳಕ್ಕೆ ಒಯ್ದೆ. ವಸ್ತಾದರು ಮೊದಲು ಮುನಿದರು. ಕುತ್ತಿಗೆ ತಿರುವದ ಮಾಲೀಶು ಎಂದರೆ ಉಪ್ಪಿಲ್ಲದ ಸಾರು ಎಂದರು. ಹೆಬ್ಬೆರಳಿನಿಂದ ಬೇಕಾದಷ್ಟು ತೀಡಿ, ತಿರುವಬೇಡಿ ಎಂದು ನಾನು ಹಟ ಹಿಡಿದೆ. ಕೊನೆಗೆ, "ಉಪ್ಪಿಲ್ಲದ ಸಾರು ಮಾಡೂದೂ ಒಂದು ವಿದ್ಯೆ, ನೋಡ್ರಿ" ಎಂದು ತೋಳು ಮೇಲೇರಿಸಿದರು.

ಕೆಲವು ವಾರಗಳಲ್ಲಿ ಭುಜ ಬಿಟ್ಟಿತು. ನಮ್ಮವರು ಗೂಟದ ಮೇಲಿನ ಟೋಪಿಯನ್ನು ತಾವೇ ತೆಗೆದುಕೊಂಡ ದಿನ ನನಗೆ ನೆನಪಿದೆ. ನಿದ್ದೆ ಚೆನ್ನಾಗಿ ಹತ್ತತೊಡಗಿತು. ಪಖವಾಜದ ಬಟ್ಟೆ ಬಿಚ್ಚಿ, ಹಿಟ್ಟು ಕಲಸಿ ಅದರ ಎಡಗಡೆಗೆ ಹಚ್ಚಿ, ಗುಂ ಎನ್ನಿಸಿ ನೋಡಿದರು. ಅಡುಗೆಮನೆಯಲ್ಲಿದ್ದ ನಾನು ಲಟ್ಟಣಿಗೆ ಹಿಡಿದು ಹಾಗೇ ನಿಂತಿದ್ದೆ.

ಆದರೂ ಫಿಟ್ಸ್ ಮಾತ್ರ ಆಗಾಗ ಬರುತ್ತಲೇ ಇತ್ತು. ಬಂದರೆ ಬಹುತೇಕ ಏಕಾದಶಿಯ ಮರುದಿನ. ಚಂದ್ರನ ಪ್ರಭಾವ ಎಂದರು ಓಣಿಯವರು. ಕುತ್ತಿಗೆ ತಿರುವಲು ಬಿಟ್ಟಿದ್ದರೆ ಅದೂ ಹೋಗುತ್ತಿತ್ತು ಎಂದರು ವಸ್ತಾದರು. ಡಾಕ್ಟರು, "ಗುಳಿಗಿ ದಿನಾ ತಗೋತೀರಿ, ಹೌದಲ್ಲ?" ಎಂದು ಕೇಳಿದರು. "ಹೌದ್ರಿ" ಎಂದರು ನಮ್ಮವರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಆಗಲೂ ಹೇಳಲಿಲ್ಲ.

ಒಮ್ಮೆ ನಾವು ಅನಗೋಳಕ್ಕೆ ಹೋದ ದಿನವೇ ಏಕಾದಶಿ ಬಿತ್ತು. ಮೈಗೆ ಕೈ ಹಾಕುವ ಮೊದಲು ಏನು ತಿಂದಿದ್ದೀರಿ ಎಂದು ಕೇಳುವುದು ವಸ್ತಾದರ ರೂಢಿ. ತುಂಬಿದ ಹೊಟ್ಟೆಯ ಮೇಲೂ ಬರಿಹೊಟ್ಟೆಯ ಮೇಲೂ ಅವರು ತೀಡುತ್ತಿರಲಿಲ್ಲ.

"ಇವತ್ತ ಊಟ ಇಲ್ರಿ. ಏಕಾದಶಿ. ಬರೇ ಫರಾಳ" ಎಂದರು ನಮ್ಮವರು.

"ಏನೇನ ಫರಾಳ?"

"ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳಿಹಣ್ಣು, ಒಂದೀಟ ಬಟಾಟಿ ಭಾಜಿ."

ವಸ್ತಾದರು ಹೊಟ್ಟೆ ಕುಣಿಸಿ ನಕ್ಕರು. "ಏ ಇವಳ, ಕೇಳಿದೇನ? ಇದು ಉಪವಾಸಂತ! ಇನ್ನ ಇವರು ಊಟಾ ಮಾಡೂ ದಿನಾ ಏನೇನ ತಿಂತಾರೋ! ಪೈಲ್ವಾನ್ರ, ಹೊಟ್ಟಿ ತುಂಬ ತಿಂದು ಊಟ ಇಲ್ಲಂತೀರಿ?"

"ಫರಾಳ ಅಂದ್ರ ಊಟ ಅಲ್ರಿ" ಎಂದರು ನಮ್ಮವರು ಗಂಭೀರವಾಗಿ.

ಎಲ್ಲರೂ ನಗುತ್ತಿದ್ದರು. ನಾನೂ ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಊಟ ಅಲ್ಲ. ಊಟವಾದ ಮೇಲೆ ಗುಳಿಗೆ.

"ಏನ್ರೀ, ಹಂಗಾದ್ರ ಏಕಾದಶಿ ದಿನಾ ಗುಳಿಗಿ?"

"ಊಟಾದ ಮ್ಯಾಲೆ ತಗೋರಿ ಅಂದಾರ ಡಾಕ್ಟರು. ಊಟನ ಇಲ್ಲಂದ್ರ ಯಾವುದರ ಮ್ಯಾಲೆ ತಗೊಳ್ಳಲಿ?"

"ಒಂದೂ ಇಲ್ಲ?"

"ಇಲ್ಲ."

"ಮೊದಲಿಂದನೂ?"

"ಮೊದಲಿಂದನೂ."

ಪ್ರತಿ ಏಕಾದಶಿಗೂ ದಿನವಿಡೀ ಗುಳಿಗೆ ಇಲ್ಲ, ಮೇಲೆ ಇರುಳು ಭಜನೆ, ನಿದ್ದೆ ಇಲ್ಲ. ಮರುದಿನ ಬೀಳದೆ ಏನಾದೀತು? ಚಂದ್ರನನ್ನು ಸುಮ್ಮನೆ ಬೈದಿದ್ದೆವು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆಂದು ತಂದ ಗುಳಿಗೆ ತಿಂಗಳು ದಾಟಿಯೂ ಸ್ವಲ್ಪ ಉಳಿಯುತ್ತಿತ್ತು. ಔಷಧ ಅಂಗಡಿಯವನ ಹತ್ತಿರ ನಾನು ಮಾಡುವ ಚೌಕಾಶಿಗೆ ಬೆದರಿ ಅವನು ನಾಲ್ಕು ಹೆಚ್ಚೇ ಹಾಕಿಕೊಡುತ್ತಾನೆ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಖಾನಾಪುರದ ಬಸ್ಸಿನಲ್ಲಿ ಕೂತ ಮೇಲೆ ಮಾತು ತೆಗೆದೆ. ಇನ್ನು ಮೇಲೆ ಏಕಾದಶಿಗೂ ಗುಳಿಗೆ ತಗೊಳ್ಳಬೇಕು ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

"ಹದಿನೈದ ದಿನಕ್ಕ ಒಂದಿನಾ. ಅದೊಂದನ್ನ ವಿಠ್ಠಲನ ಮ್ಯಾಲೆ ಬಿಡು. ನಮ್ಮಪ್ಪನ ಕಾಲದಿಂದ ನಡದು ಬಂದಿದ್ದು. ಖರೇ ಹೇಳಬೇಕಂದ್ರ ನನಗ ಆ ಗುಳಿಗಿನ ಸಾಕಾಗ್ಯಾವ. ತಗೊಂಡ್ರ ಭಜನ್ಯಾಗ ತೂಕಡಿಕಿ ಬರತೈತಿ, ಕೈ ತಾಳ ತಪ್ಪತೈತಿ. ವಸ್ತಾದರ ಕೈಯಾಗ ಗುಣ ಐತಿ. ಮುಂದಿನ ತಿಂಗಳಿಂದ ಗುಳಿಗಿ ತರಬ್ಯಾಡ. ಎಣ್ಣಿ ಅಷ್ಟ ತಾ."

ಒಂದು ದಿನ ಬಿಟ್ಟರೆ ಹೀಗೆ, ಪೂರ್ತಿ ಬಿಟ್ಟರೆ? ಅದೂ ವಸ್ತಾದರ ಹೆಸರಿನಲ್ಲಿ! ಮಾಲೀಶಿನಿಂದ ಕೈ ಎದ್ದದ್ದನ್ನು ಕಂಡು, ಫಿಟ್ಸೂ ಅದರಿಂದಲೇ ಕಡಿಮೆಯಾಯಿತು ಎಂದು ಅವರು ನಂಬಿದ್ದರು. ಅವರ ತಪ್ಪಲ್ಲ. ಕೈ ಎದ್ದದ್ದು ಕಣ್ಣಿಗೆ ಕಾಣುತ್ತದೆ. ಬಾರದೆ ಹೋದ ಫಿಟ್ಸ್ ಯಾರ ಕಣ್ಣಿಗೂ ಕಾಣುವುದಿಲ್ಲ. ಗುಳಿಗೆಗೆ ಸಾಕ್ಷಿ ಹೇಳುವವರು ಯಾರು?

ಬಸ್ಸಿನಲ್ಲಿ ವಾದ ಮಾಡಲಿಲ್ಲ. ಮೆತ್ತಗಿನ ಮನುಷ್ಯನ ಹಟ ಗಟ್ಟಿ. ಗಿರಾಕಿ ಒಲ್ಲೆ ಎಂದಾಗ ಅವಳ ಜೊತೆ ಜಗ್ಗಾಡಬಾರದು, ಅವಳು ಯಾರ ಮಾತು ಕೇಳುತ್ತಾಳೋ ಅವರ ಮನೆಗೆ ಮೊದಲು ಹೋಗಬೇಕು. ನಮ್ಮವರು ಕೇಳುವುದು ವಸ್ತಾದರ ಮಾತು. ವಸ್ತಾದರು ಕೇಳುವುದು ಯಾರ ಮಾತು ಎಂದು ನನಗೆ ಚಹಾ ಕುಡಿದ ದಿನವೇ ತಿಳಿದಿತ್ತು.

ಮರುವಾರ ಒಬ್ಬಳೇ ಅನಗೋಳಕ್ಕೆ ಹೋದೆ. ಗಂಟಿನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸೀರೆಯನ್ನು, ಹಸಿರು ಮೈಗೆ ಕೆಂಪು ದಡಿಯದನ್ನು, ವಸ್ತಾದರ ಹೆಂಡತಿಯ ತೊಡೆಯ ಮೇಲೆ ಇಟ್ಟೆ. ಅಕ್ಕನಿಗೆ ತಂಗಿಯ ಉಡುಗೊರೆ ಎಂದೆ. ಆಕೆ ಸೀರೆಯ ದಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಉಡುಗೊರಿ ಇಷ್ಟ ಚಲೋ ಇದ್ರ ಕೆಲಸಾನೂ ದೊಡ್ಡದ ಇರಬೇಕು. ಹೇಳು" ಎಂದರು. ಹೇಳಿದೆ. ಅಷ್ಟರಲ್ಲಿ ವಸ್ತಾದರು ಗರಡಿಯಿಂದ ಬಂದರು. ಅವರಿಗೂ ಹೇಳಿದೆ. ಗುಳಿಗೆ ಬಿಟ್ಟವರನ್ನು ತೀಡುವುದಿಲ್ಲ ಎಂದು ನೀವು ಹೇಳಬೇಕು, ಇಷ್ಟೇ ನನ್ನ ಬೇಡಿಕೆ.

ಅವರಿಗೆ ಅದು ಸೇರಲಿಲ್ಲ. "ಅಂದ್ರ ನನ್ನ ಕೈಯಾಗೇನೂ ಇಲ್ಲ, ಎಲ್ಲಾ ಗುಳಿಗ್ಯಾಗ ಐತಿ ಅಂತ ನಾನ ಸಾರಬೇಕು?"

"ನಿಮ್ಮ ಕೈಯಾಗ ಗುಣ ಇಲ್ಲಂತ ಯಾರಂದ್ರು ಕಾಕಾ? ಏಳದ ಕೈ ಎದ್ದೈತಿ, ಬಾರದ ನಿದ್ದಿ ಬಂದೈತಿ. ಆದ್ರ ನೀವ ಹೇಳ್ರಿ, ಗುಳಿಗಿ ಬಿಟ್ಟು ನಾಳೆ ಹೊಳ್ಯಾಗ ಬಿದ್ರ ಯಾರ ಹೆಸರ ಕೆಡತೈತಿ? ಡಾಕ್ಟರದಲ್ಲ. 'ವಸ್ತಾದರ ಕಡೆ ಹೋಗ್ತಿದ್ದ, ಸತ್ತ' ಅಂತಾರ ಮಂದಿ. ಗುಳಿಗಿ ತಗೊಂಡು ಆರಾಮಾದ್ರ? 'ವಸ್ತಾದರ ಕೈಗುಣ' ಅಂತಾರ. ಎರಡರಾಗ ಯಾವುದ ಬೇಕು, ಆರಿಸ್ಕೋರಿ."

ವಸ್ತಾದರು ಮುದ್ದೆ ಕಿವಿಯನ್ನು ತಿಕ್ಕಿಕೊಂಡರು.

"ಹೆಸರ ನನ್ನದ?"

"ಪೂರಾ ನಿಮ್ಮದ. ನಾ ಬಾಯಿ ಬಿಡೂದಿಲ್ಲ."

"ಒಪ್ಪಿಕೊಳ್ರಿ" ಎಂದರು ಹೆಂಡತಿ, ಸೀರೆಯನ್ನು ಆಗಲೇ ಮಡಚಿ ಒಳಗಿಟ್ಟು ಬಂದವರು. "ಸೀರಿ ತಿರುಗಿ ಕೊಡೂದು ನನ್ನ ಕಡಿಂದ ಆಗೂದಿಲ್ಲ."

ಮುಂದಿನ ಸಲ ಹೋದಾಗ ವಸ್ತಾದರು ಎಣ್ಣೆ ಮುಟ್ಟಲಿಲ್ಲ. ನಮ್ಮವರನ್ನು ಎದುರಿಗೆ ಕೂರಿಸಿಕೊಂಡರು.

"ಪೈಲ್ವಾನ್ರ, ನನ್ನ ಗರಡ್ಯಾಗ ಒಂದು ಕಾಯದೆ. ಖುರಾಕ ತಪ್ಪಿಸಿದವನ ಮೈ ನಾ ಮುಟ್ಟೂದಿಲ್ಲ. ಹುಡುಗರಿಗೆ ಬದಾಮಿ, ಹಾಲು ಖುರಾಕ. ನಿಮಗ ಗುಳಿಗಿ ಖುರಾಕ. ದಿನಾ ಅಂದ್ರ ದಿನಾ."

"ಏಕಾದಶಿ ಒಂದಿನಾ..."

"ನಮ್ಮ ರೋಜಾದಾಗೂ ಬೇಮಾರಿ ಇದ್ದವರಿಗೆ ಮಾಫಿ ಐತ್ರಿ. ನಿಮ್ಮ ವಿಠ್ಠಲ ಅಷ್ಟು ಮಾಫಿ ಮಾಡೂದಿಲ್ಲೇನು?"

ನಮ್ಮವರು ಕೊರಳ ಮಾಲೆಯನ್ನು ಹಿಡಿದುಕೊಂಡು ತಲೆ ತಗ್ಗಿಸಿದರು. ಕಡೆಗೆ ತಲೆ ಎತ್ತಿ, "ಮಾಡ್ತಾನ" ಎಂದರು. "ನನಗಿಂತಾ ಚಲೋ ಗೊತ್ತೈತಿ ನಿಮಗ."

"ಹಂಗಂದ್ರ ಮಲಗ್ರಿ ಬೋರಲ" ಎಂದರು ವಸ್ತಾದರು.

ಅಲ್ಲಿಂದ ನೆಟ್ಟಗೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆವು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಊಟಾದ ಮ್ಯಾಲೆ ಅಂದಿದ್ದು ಹೊಟ್ಟಿ ಉರಿಬಾರದಂತ. ಫರಾಳ ಆದ ಮ್ಯಾಲೂ ನಡೀತೈತಿ, ಒಂದ ವಾಟಿ ಹಾಲಿನ ಮ್ಯಾಲೂ ನಡೀತೈತಿ. ನೀವು ಉಪವಾಸ ಮಾಡ್ತೀರಂತ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ." ತೂಕಡಿಕೆಯ ಮಾತು ಕೇಳಿ ಗುಳಿಗೆಯ ಹೊತ್ತನ್ನು ಬದಲಿಸಿ, ಹೆಚ್ಚಿನ ಪಾಲು ಮಲಗುವ ಮುಂಚೆ ಬರುವಂತೆ ಮಾಡಿದರು. ಏಕಾದಶಿಯ ಭಜನೆಯಲ್ಲಿ ಮೊದಲ ಪಾಳಿ ಬಾರಿಸಿ ಮನೆಗೆ ಬಂದು ಮಲಗಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಮುಂದಿನ ಏಕಾದಶಿ ಬಂತು. ಖಿಚಡಿ ತಿಂದು ನಮ್ಮವರು ಗುಳಿಗೆ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿ, ತೀರ್ಥ ತಗೊಂಡವರ ಹಾಗೆ. ಮರುದಿನ ದ್ವಾದಶಿ. ನಾನು ವ್ಯಾಪಾರಕ್ಕೆ ಹೋಗದೆ ಅವರ ಹಿಂದೆ ಮುಂದೆ ತಿರುಗಿದೆ. ಏನೂ ಆಗಲಿಲ್ಲ. ಅದರ ಮುಂದಿನ ಏಕಾದಶಿಗೂ ಆಗಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. "ನೀ ಹಿಂಗ ನನ್ನ ಕಾಯ್ಕೋತ ಕುಂತ್ರ ಸೀರಿ ಯಾರ ಮಾರ್ತಾರ?" ಎಂದು ಅವರೇ ಗದರಿಸಿ ಕಳಿಸಿದರು. ಆಷಾಢ ಕಳೆದು ಕಾರ್ತಿಕದ ದೊಡ್ಡ ಏಕಾದಶಿಯೂ ಸುಮ್ಮನೆ ದಾಟಿದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಯೊಬ್ಬಳು ತನ್ನ ಸೊಸೆಯ ದೂರು ಹೇಳುತ್ತಿದ್ದಳು. ಮೊದಲಿನಿಂದ ಕೊನೆಯವರೆಗೂ ನಾನು ಅದನ್ನು ಕೇಳಿದೆ, ನಡುವೆ ಒಮ್ಮೆಯೂ ಮನೆಯ ನೆನಪಾಗಲಿಲ್ಲ. ಹೊರಗೆ ಬಂದು ಆಕೆಯ ಕಟ್ಟೆಯ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕೂತೆ.

ಕಾರ್ಖಾನೆಯ ಮಾಲೀಕರು ಮಾತು ಉಳಿಸಿಕೊಂಡರು. ಭಟ್ಟಿಯ ಹತ್ತಿರ ಅಲ್ಲ. ಅಂಗಳದಲ್ಲಿ ಹೆಂಚು ತಟ್ಟಿ ನೋಡಿ, ಸದ್ದು ಕೇಳಿ, ಸೀಳು ಬಿಟ್ಟದ್ದನ್ನು ಬೇರೆ ಮಾಡುವ ಕೆಲಸ. ಪಖವಾಜದವರ ಕಿವಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ನಾನು ವಸ್ತಾದರಿಗೆ ಕೊಟ್ಟ ಹೆಸರು ಸುಮ್ಮನೆ ಕೂರಲಿಲ್ಲ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ, ಅನಗೋಳದ ವಸ್ತಾದರು ಫಿಟ್ಸ್ ಬಿಡಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಒಂದು ದಿನ ನಾವು ಅಲ್ಲಿರುವಾಗಲೇ ಕಾಕತಿ ಕಡೆಯ ಗಂಡ ಹೆಂಡತಿ ತಮ್ಮ ಹರೆಯದ ಮಗಳನ್ನು ಕರೆತಂದರು. ತಾಯಿ ಸಂಭ್ರಮದಿಂದ ಹೇಳಿದಳು: "ಇನ್ನ ಚಿಂತಿ ಇಲ್ರಿ. ಗುಳಿಗಿ ಎಲ್ಲಾ ನಿಲ್ಲಿಸೇ ಬಂದೇವಿ."

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಮುರಿಯಲು ಎದ್ದೇ ನಿಂತೆ. ಅಷ್ಟರಲ್ಲಿ ವಸ್ತಾದರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಗುಳಿಗಿ ನಿಲ್ಲಸ್ರಿ ಅಂತ ಯಾರ ಹೇಳಿದ್ರು ನಿಮಗ? ಮೊದಲ ಮನಿಗೆ ಹೋಗ್ರಿ, ಶುರು ಮಾಡ್ರಿ, ಡಾಕ್ಟರಿಗೆ ತೋರಸ್ರಿ. ಗುಳಿಗಿ ಪೊಟ್ಟಣ ತಂದು ನನ್ನ ಮುಂದ ಇಡ್ರಿ. ಆಮ್ಯಾಲೆ ಬೆನ್ನ ನೋಡೂಣು. ಕುತ್ತಿಗಿ ಅಂತೂ ನಾ ತಿರುವೂದಿಲ್ಲ, ಈಗ ಹೇಳೀನಿ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಹಿಂಗ್ಯಾಕ ನೋಡ್ತಿ? ಹೆಸರ ನನ್ನದ ಅಂದಿ. ನನ್ನ ಹೆಸರ ನಾ ಕಾಯಬ್ಯಾಡೇನು?"

"ನಿಮ್ಮ ಹೆಸರಲ್ಲ, ನನ್ನ ಸೀರಿ ಕಾದೀರಿ" ಎಂದರು ಒಳಗಿನಿಂದ ಹೆಂಡತಿ. ನಾವೆಲ್ಲ ನಕ್ಕೆವು. ನನ್ನ ನಗುವಿನಲ್ಲಿ ಅಳುವೂ ಸೇರಿತ್ತು. ಕೆಲವು ವರ್ಷಗಳ ನಂತರ ಡಾಕ್ಟರು ತಾವೇ ಯೋಚಿಸಿ ನಮ್ಮವರ ಗುಳಿಗೆಯನ್ನು ಸಾವಕಾಶವಾಗಿ ಕಡಿಮೆ ಮಾಡುತ್ತ ಬಂದರು. ಅವರು ಮಾಡಿದರು, ನಾವಲ್ಲ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನನ್ನ ಮಾತು ಕೇಳಿ. ಡಾಕ್ಟರು ಕೇಳಲಿ ಬಿಡಲಿ, ನಿಮ್ಮ ಉಪವಾಸ, ಜಾಗರಣೆ, ರಾತ್ರಿಪಾಳಿ, ಮಾಲೀಶು, ಎಲ್ಲವನ್ನೂ ಅವರ ಮುಂದೆ ಹರವಿ. ಅವರಿಗೆ ರೋಗ ಗೊತ್ತು, ನಿಮ್ಮ ಮನೆ ಗೊತ್ತಿಲ್ಲ. ಗುಳಿಗೆಯನ್ನು ಊಟಕ್ಕೆ ಕಟ್ಟಿಹಾಕಬೇಡಿ, ಹೊತ್ತಿಗೆ ಕಟ್ಟಿ. ತಿಂಗಳ ಗುಳಿಗೆ ತಿಂಗಳಿಗಿಂತ ಹೆಚ್ಚು ಬಂದರೆ ಖುಷಿಪಡಬೇಡಿ, ಯಾಕೆ ಉಳಿಯಿತು ಎಂದು ಕೇಳಿ. ಬೆನ್ನು, ಭುಜ ನೊಂದಿದ್ದರೆ ತಿಳಿದವರ ಕೈಯಲ್ಲಿ ತೀಡಿಸಿ, ಮೈ ಹಗುರಾಗುತ್ತದೆ, ಮನಸ್ಸೂ ಹಗುರಾಗುತ್ತದೆ. ಆದರೆ ಕುತ್ತಿಗೆ ತಿರುವಲು ಯಾರಿಗೂ ಕೊಡಬೇಡಿ. ಗುಳಿಗೆ ಬಿಡಿ ಎನ್ನುವ ಕೈ ಎಷ್ಟೇ ಮೆತ್ತಗಿದ್ದರೂ ಅಲ್ಲಿಂದ ಎದ್ದು ಬನ್ನಿ. ಫಿಟ್ಸ್ ಬಂದಾಗ ಚಪ್ಪಲಿ, ಬೀಗದ ಕೈ ಹುಡುಕುತ್ತ ಓಡಬೇಡಿ. ಬೆಂಕಿ ನೀರಿನಿಂದ ದೂರ ಮಾಡಿ, ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ, ಬಾಯೊಳಗೆ ಏನನ್ನೂ ತುರುಕಬೇಡಿ. ಕೆಲವು ನಿಮಿಷಗಳಲ್ಲಿ ನಿಲ್ಲದೆ ಹೋದರೆ ಆಸ್ಪತ್ರೆಗೆ ಒಯ್ಯಿರಿ. ಆರಾಮಾದ ಮೇಲೆ ಯಾರಿಂದ ಆರಾಮಾಯಿತು ಎಂಬ ಜಗಳ ಬಂದರೆ, ಕೇಳಿದವರಿಗೆ ಹೆಸರು ಕೊಟ್ಟುಬಿಡಿ. ಆ ಹೆಸರು ಬೇರೆಯವರ ಗುಳಿಗೆ ಬಿಡಿಸದಂತೆ ಮಾತ್ರ ನೋಡಿಕೊಳ್ಳಿ.